ಕುರ್ಚಿಯ ಬಾಡಿಗೆ

ಚಹಾದಂಗಡಿಯಲ್ಲಿ ಕೊಡುವ ದುಡ್ಡೆಲ್ಲ ಕುರ್ಚಿಯ ಬಾಡಿಗೆ, ಚಹಾ ಪುಕ್ಕಟೆ ಎಂಬುದು ನಮ್ಮ ಕಾಕಾನ ಸಿದ್ಧಾಂತವಾಗಿತ್ತು. ಧಾರವಾಡದ ನಮ್ಮ ಓಣಿಯ ಮೂಲೆಯಂಗಡಿಯಲ್ಲಿ ಬೆಳಿಗ್ಗೆ ಏಳಕ್ಕೆ ಒಂದು ಸಿಂಗಲ್ ಹೇಳಿ ಬೆಂಚಿನ ಮೇಲೆ ಕೂತನೆಂದರೆ, ಪೇಪರನ್ನು ಮೊದಲ ಪುಟದಿಂದ ಟೆಂಡರ್ ನೋಟೀಸಿನವರೆಗೆ ಓದಿ, ಓದಿದ್ದನ್ನು ಪಕ್ಕದವರಿಗೆ ಒಪ್ಪಿಸಿ, ಅವರು ಒಪ್ಪದಿದ್ದರೆ ವಾದ ಹೂಡಿ, ಹತ್ತರ ಸುಮಾರಿಗೆ ಏಳುತ್ತಿದ್ದ. ಬಸಿಗೆ ಸುರುವಿಕೊಂಡ ಚಹಾ ಐದೇ ನಿಮಿಷದಲ್ಲಿ ಖಾಲಿ. ಉಳಿದದ್ದೆಲ್ಲ ಬಾಡಿಗೆಯ ವಸೂಲಿ.

"ಮನ್ಯಾಗ ಚಹಾ ಇಲ್ಲೇನು?" ಎಂದು ಕಾಕು ಕೇಳುತ್ತಿದ್ದಳು.

"ಚಹಾ ಅದ. ಮಂದಿ ಇಲ್ಲ" ಎನ್ನುತ್ತಿದ್ದ. ಆಗ ಮನೆಯಲ್ಲಿ ನಾವು ಹನ್ನೊಂದು ಜನ ಇದ್ದೆವು.

ಕಾಕಾನ ಈ ಸಿದ್ಧಾಂತಕ್ಕೆ ಬೆಂಗಳೂರು ಸರಿಯಾದ ಏಟು ಕೊಟ್ಟಿತು. 1980ರ ದಶಕದಲ್ಲಿ ಇಲ್ಲಿ ದರ್ಶಿನಿಗಳು ಬಂದವು. ಎದೆಮಟ್ಟದ ಮೇಜು, ಕುರ್ಚಿಗೆ ಗೈರುಹಾಜರಿ. ಕಡಿಮೆ ದುಡ್ಡಿಗೆ ಶುಚಿಯಾದ ಬಿಸಿ ತಿಂಡಿ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಿಂತು ಕುಡಿಯುವ ಚಹಾದಲ್ಲಿ ಒಂದು ವಾದ ಮುಗಿಯುವುದು ಹಾಗಿರಲಿ, ಶುರುವೂ ಆಗುವುದಿಲ್ಲ. ಬೈಟು ಹೇಳಿ ಇಬ್ಬರು ಸ್ನೇಹಿತರು ಎದುರುಬದುರಾಗುವಷ್ಟರಲ್ಲಿ ಮೂರನೆಯವನೊಬ್ಬ ಇಡ್ಲಿ ತಟ್ಟೆ ಹಿಡಿದು, ನಮ್ಮ ಲೋಟದಲ್ಲಿ ಇನ್ನೆಷ್ಟು ಉಳಿದಿದೆ ಎಂದು ಇಣುಕುತ್ತಿರುತ್ತಾನೆ.

ಕಚೇರಿ ಕೆಲಸದ ಮೇಲೆ ಚೀನಾದ ಚೆಂಗ್ಡುವಿಗೆ ಹೋದಾಗ, ಇಡೀ ಊರೇ ಕಾಕಾನ ಶಿಷ್ಯನಾಗಿರುವುದನ್ನು ಕಂಡು ಬೆರಗಾದೆ. ಅಲ್ಲಿಯ ಪೀಪಲ್ಸ್ ಪಾರ್ಕಿನೊಳಗೆ 1923ರಲ್ಲಿ ಶುರುವಾದ ಹೆಮಿಂಗ್ ಎಂಬ ಚಹಾಮನೆಯಿದೆ. ಮರಗಳ ಕೆಳಗೆ ಸಾಲುಸಾಲು ಬಿದಿರಿನ ಕೈಕುರ್ಚಿ. ಒಮ್ಮೆ ಒರಗಿದರೆ ಏಳುವ ಮನಸ್ಸಾಗದಂಥ ಕುರ್ಚಿ. ಚಹಾ ಬರುವುದು ಬಟ್ಟಲು, ಕೆಳಗೊಂದು ಬಸಿ, ಮೇಲೊಂದು ಮುಚ್ಚಳದಲ್ಲಿ. ಹಾಲಿಲ್ಲ, ಸಕ್ಕರೆಯಿಲ್ಲ, ಮಲ್ಲಿಗೆಯ ಪರಿಮಳ ಮಾತ್ರ. ಮೊದಲ ಗುಟುಕಿಗೆ, ಯಾರದೋ ಮದುವೆಯ ಹೂವಿನ ಬುಟ್ಟಿಗೆ ಬಾಯಿ ಹಾಕಿದ ಹಾಗಾಯಿತು. ನಾಲ್ಕನೆಯ ಗುಟುಕಿಗೆ ಒಗ್ಗಿಕೊಂಡೆ. ಸೊಪ್ಪಿಗೆ ಒಮ್ಮೆ ದುಡ್ಡು ಕೊಟ್ಟರಾಯಿತು, ಆಮೇಲೆ ಬಿಸಿನೀರನ್ನು ಎಷ್ಟು ಸಲ ಬೇಕಾದರೂ ಸುರಿಸಿಕೊಳ್ಳಬಹುದು. ಬಾಯಿ ಬಿಟ್ಟು ಕೇಳಬೇಕಾಗಿಯೂ ಇಲ್ಲ. ಮುಚ್ಚಳವನ್ನು ಬಸಿಗೆ ಒರಗಿಸಿಟ್ಟರೆ ನೀರು ಬೇಕೆಂದು ಅರ್ಥ. ಮುಚ್ಚಳದ ಮೇಲೆ ಏನಾದರೊಂದು ಸಣ್ಣ ವಸ್ತು ಇಟ್ಟು ಹೋದರೆ, ಈಗ ಬಂದೆ, ಜಾಗಕ್ಕೆ ಕೈ ಹಚ್ಚಬೇಡಿ ಎಂದು. ನಮ್ಮವರು ಬಸ್ಸಿನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುವುದಕ್ಕೂ ಇದಕ್ಕೂ ಗುಣದಲ್ಲಿ ಭೇದವಿಲ್ಲ, ನಾಜೂಕಿನಲ್ಲಿ ಇದೆ. ನಡುವೆ ಕಿವಿ ಶುಚಿ ಮಾಡುವವರು ಕಬ್ಬಿಣದ ಚಿಮಟಿಗೆಯನ್ನು ಠಿಣ್ಣೆನ್ನಿಸುತ್ತ ಸುಳಿದಾಡುತ್ತಾರೆ. ಕಾಕಾ ಇದ್ದಿದ್ದರೆ ಕಿವಿ ಅವರಿಗೊಪ್ಪಿಸಿ, ಬಾಯಿಗೆ ಮಾತ್ರ ಬಿಡುವು ಕೊಡದೆ ಕೂತಿರುತ್ತಿದ್ದ.

1909ರ ಒಂದು ಲೆಕ್ಕದ ಪ್ರಕಾರ ಚೆಂಗ್ಡುವಿನ 516 ಬೀದಿಗಳಲ್ಲಿ 454 ಚಹಾಮನೆಗಳಿದ್ದವು. ಅಷ್ಟೊಂದು ಜನ ಬರೇ ಬಾಯಾರಿಕೆಗೆ ಬರುತ್ತಿದ್ದರೆಂದು ನಂಬಲಾಗದು. ಅಕ್ಕಿ ವ್ಯಾಪಾರ, ಕೆಲಸದ ಹುಡುಕಾಟ, ಕಥೆ ಹೇಳುವುದು, ಎಲ್ಲವೂ ಅಲ್ಲೇ. ಇಬ್ಬರ ನಡುವೆ ವ್ಯಾಜ್ಯ ಬಂದರೆ ಚಹಾಮನೆಯಲ್ಲಿ ಪಂಚಾಯ್ತಿ ಕೂರುತ್ತಿತ್ತು. ಹಿರಿಯರು ಯಾರದು ತಪ್ಪೆಂದರೋ ಅವರು ಕೂತವರೆಲ್ಲರ ಚಹಾದ ದುಡ್ಡು ತೆರಬೇಕು. ವಕೀಲರ ಫೀಸಿಗಿಂತ ಅಗ್ಗ, ತೀರ್ಪು ಅದೇ ದಿನ.

ಅಲ್ಲಿಯ ಇನ್ನೊಂದು ಪದ್ಧತಿ ನನಗೆ ತೀರ ಹಿಡಿಸಿತು. ಪರಿಚಿತನೊಬ್ಬ ಒಳಗೆ ಕಾಲಿಟ್ಟನೆಂದರೆ ಮೊದಲೇ ಕೂತಿದ್ದ ಗೆಳೆಯರೆಲ್ಲ ಅವನ ಚಹಾದ ದುಡ್ಡು ನನ್ನದು, ನನ್ನದು ಎಂದು ಕೂಗಬೇಕಂತೆ. ಕೂಗದಿದ್ದರೆ ಮರ್ಯಾದೆ ಹೋಯಿತು. ಕೂಗಿದವರೆಲ್ಲ ಕೊಟ್ಟೇಬಿಡುತ್ತಾರೆಂದೂ ಅಲ್ಲ. ಯಾವ ಕೂಗು ಹೃದಯದ್ದು, ಯಾವುದು ಗಂಟಲಿನದು ಎಂದು ಗುರುತಿಸಿ ಸರಿಯಾದ ಕೈಯಿಂದ ದುಡ್ಡು ತೆಗೆದುಕೊಳ್ಳುವುದರಲ್ಲಿತ್ತು ಮಾಣಿಯ ಜಾಣತನ.

ಇದನ್ನು ಓದಿದಾಗ ನಮ್ಮ ಓಣಿಯ ಗಲ್ಲಾದ ಮುಂದಿನ ದೃಶ್ಯ ಕಣ್ಣಿಗೆ ಕಟ್ಟಿತು. "ಏ, ನಾ ಕೊಡತೇನಿ!" "ತಗೀ ನಿನ್ನ ರೊಕ್ಕ, ಶೆಟ್ಟರ, ಅವಂದು ತೊಗೋಬ್ಯಾಡ್ರಿ!" ಎಂದು ಒಬ್ಬರ ಕೈ ಒಬ್ಬರು ತಿರುವುವ ಆ ಕುಸ್ತಿ. ಕಾಕಾನ ಕೈ ಜೇಬಿನೊಳಗೆ ಎಷ್ಟು ರಭಸದಿಂದ ಹೋಗುತ್ತಿತ್ತೋ ಅಷ್ಟೇ ನಿಧಾನವಾಗಿ ಹೊರಗೆ ಬರುತ್ತಿತ್ತು. ಗಲ್ಲಾದ ಶೆಟ್ಟರಿಗೆ ಚೀನಾದ ಮಾಣಿಯ ವಿದ್ಯೆ ಪೂರ್ತಿ ಕರಗತವಾಗಿತ್ತು. ಕಾಕಾನ ಕಡೆ ಅವರು ನೋಡುತ್ತಲೇ ಇರಲಿಲ್ಲ.

ಜನ ಹೀಗೆ ಕೂತರೆ ಆಳುವವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಕಾಫಿಮನೆಗಳನ್ನು ಮುಚ್ಚಿಸುವ ಆಜ್ಞೆ ಹೊರಡಿಸಿ, ಕಾಫಿಯ ಜತೆಗೆ ಚಹಾ ಮಾರಾಟವನ್ನೂ ನಿಷೇಧಿಸಿದ. ಅಲ್ಲಿ ಕೂತವರು ಸರ್ಕಾರದ ಮೇಲೆ ಸುಳ್ಳುಸುದ್ದಿ ಹಬ್ಬಿಸುತ್ತಾರೆಂಬುದು ದೂರು. ಜನ ಎಷ್ಟು ಗಲಾಟೆ ಎಬ್ಬಿಸಿದರೆಂದರೆ ಆಜ್ಞೆ ಜಾರಿಯಾಗುವ ಮೊದಲೇ ಹಿಂದಕ್ಕೆ ಹೋಯಿತು. ಲಾವೊ ಶೆ ಬರೆದ 'ಚಹಾಮನೆ' ನಾಟಕ ನಡೆಯುವುದು ಬೀಜಿಂಗಿನಲ್ಲಿ. ರಾಜ್ಯದ ವಿಷಯ ಮಾತಾಡಬೇಡಿ ಎಂಬ ಚೀಟಿ ಅಲ್ಲಿಯ ಗೋಡೆಗೆ ಅಂಟಿರುತ್ತದೆ. ಅಂಕದಿಂದ ಅಂಕಕ್ಕೆ ಕಾಲ ಕೆಡುತ್ತ ಹೋದಂತೆ ಅಕ್ಷರಗಳು ದಪ್ಪವಾಗುತ್ತ ಹೋಗುತ್ತವೆ. ನಮ್ಮ ಶೆಟ್ಟರೂ ಒಂದು ಬೋರ್ಡು ತೂಗುಹಾಕಿದ್ದರು: 'ಇಲ್ಲಿ ರಾಜಕೀಯ ಮಾತಾಡಬಾರದು.' ಅದರ ಕೆಳಗಿನ ಜಾಗ ಕಾಕಾನದು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತಿತ್ತು.

ಕೂರುವುದಕ್ಕೂ ಒಂದು ಮಿತಿ ಬೇಕೆಂದರೆ ಜಪಾನಿಗೆ ಹೋಗಬೇಕು. ಹದಿನಾರನೆಯ ಶತಮಾನದಲ್ಲಿ ಸೆನ್ ನೊ ರಿಕ್ಯೂ ರೂಪಿಸಿದ ಚಹಾಕೋಣೆಯ ಬಾಗಿಲು ಎರಡು ಅಡಿ ಚಿಲ್ಲರೆ. ಎಂಥ ಸಾಮುರಾಯ್ ಆದರೂ ಕತ್ತಿ ಹೊರಗಿಟ್ಟು ತೆವಳಿಕೊಂಡೇ ಒಳಹೋಗಬೇಕು. ಒಳಗೆ ಮಂಡಿಯೂರಿ ಕೂರಬೇಕು. ವಿಚಾರ ಉದಾತ್ತವಾದದ್ದೇ, ಆದರೆ ನನ್ನ ಮಂಡಿ ಅಷ್ಟು ಉದಾತ್ತವಲ್ಲ. ತುರ್ಕಿಯವರು ವಾಸಿ, ಸೊಂಟ ಸಣ್ಣಗಾದ ಗಾಜಿನ ಲೋಟದಲ್ಲಿ ಕೆಂಪು ಚಹಾ ತಂದಿಡುತ್ತಲೇ ಇರುತ್ತಾರೆ, ಸಾಕೆಂದರೆ ಚಮಚವನ್ನು ಲೋಟದ ಬಾಯಿಗೆ ಅಡ್ಡ ಇಡಬೇಕು. ಎರ್ಜುರುಮ್ ಕಡೆ ಸಕ್ಕರೆಯ ಉಂಡೆಯನ್ನು ಬಾಯಲ್ಲಿಟ್ಟುಕೊಂಡು ಅದರ ಮೇಲೆ ಚಹಾ ಹೀರುತ್ತಾರಂತೆ. ಬೆಲ್ಲ ಕಚ್ಚಿಕೊಂಡು ಕಾಫಿ ಕುಡಿದ ನಮ್ಮ ಮಲೆನಾಡಿನ ಹಿರಿಯರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ.

ಇಷ್ಟೆಲ್ಲ ಹಾಡಿ ಹೊಗಳಿದ ಮೇಲೆ ಕಾಕುವಿನ ಮಾತೂ ಬರಬೇಕು. ಆ ಬೆಂಚಿನ ಮೇಲೆ ಅವಳು ಒಂದು ದಿನವೂ ಕೂತವಳಲ್ಲ. ಹಾಲಿನ ಪಾತ್ರೆ ಹಿಡಿದು ಅಂಗಡಿಯ ಮುಂದೆ ಸೆರಗು ಸರಿಮಾಡಿಕೊಂಡು ಹಾದುಹೋಗುತ್ತಿದ್ದಳು, ಒಳಗೆ ಕಾಕಾ ಸ್ತ್ರೀಶಿಕ್ಷಣದ ಬಗ್ಗೆ ಮಾತಾಡುತ್ತಿರುತ್ತಿದ್ದ. ಚೆಂಗ್ಡುವಿನಲ್ಲೂ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಚಹಾಮನೆಯೆಂದರೆ ಬಹುಪಾಲು ಗಂಡಸರ ಸಾಮ್ರಾಜ್ಯ. ತುರ್ಕಿಯ ಹಳ್ಳಿಗಳಲ್ಲಿ ಈಗಲೂ ಅದೇ ಕಥೆ. ಲಂಡನ್ನಿನಲ್ಲಿ ಮಾತ್ರ 1864ರಲ್ಲಿ ಏರೇಟೆಡ್ ಬ್ರೆಡ್ ಕಂಪನಿಯವರು ಚಹಾಮನೆ ತೆರೆದ ಮೇಲೆ, ಗಂಡಸರ ಕಾವಲಿಲ್ಲದೆ ಹೆಂಗಸರು ಹೊರಗೆ ಕೂತು ಚಹಾ ಕುಡಿಯಲು ಒಂದು ಮರ್ಯಾದಸ್ಥ ಜಾಗ ಸಿಕ್ಕಿತು.

ಕಾಕಾ ಹೋದ ಮೇಲೆ ಕಾಕು ಬೆಂಗಳೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಅಪಾರ್ಟ್‌ಮೆಂಟಿನಲ್ಲಿ ಗದಗಿನವರೊಬ್ಬರು, ವಿಜಯಪುರದವರೊಬ್ಬರು ಜೋಡಿಯಾಗಿದ್ದಾರೆ. ಮೂವರೂ ವಾರಕ್ಕೊಮ್ಮೆ ಹತ್ತಿರದ ಮಾಲಿನ ಕೆಫೆಗೆ ಹೋಗುತ್ತಾರೆ. ಮೊನ್ನೆ ಕರೆತರಲು ಹೋದಾಗ ನೋಡಿದೆ: ಮೆತ್ತನೆಯ ಕುರ್ಚಿ, ಎದುರಿಗೆ ಮೂರು ಕಪ್ಪು. ಬಸಿ ಕೇಳಿದ್ದಕ್ಕೆ ಹುಡುಗ ಕೇಕಿನ ತಟ್ಟೆ ತಂದುಕೊಟ್ಟಿದ್ದ. ಅದರಲ್ಲೇ ಸುರುವಿಕೊಂಡು ಊದಿ ಊದಿ ಕುಡಿಯುತ್ತಿದ್ದರು. ಒಂದು ಚಹಾಕ್ಕೆ 180 ರೂಪಾಯಿ. ಬಾಡಿಗೆಯೆಂದು ನೋಡಿದರೆ ದುಬಾರಿಯಲ್ಲ, ಬಂದು ಎರಡು ತಾಸಾಗಿತ್ತು.

ಬಿಲ್ಲು ಬಂದಿದ್ದೇ ತಡ ಕುಸ್ತಿ ಶುರುವಾಯಿತು. "ನೀವು ಹ್ವಾದ ವಾರ ಕೊಟ್ಟೀರಿ, ಸುಮ್ಮನಿರ್ರಿ!" ಕೈ ತಿರುವಲು ಇಲ್ಲಿ ನೋಟಿಲ್ಲ, ಇರುವುದು ಕ್ಯೂಆರ್ ಕೋಡು. ಜಗಳಾಡುತ್ತಲೇ ಕಾಕು ಒಂದು ಕಡೆಯಿಂದ, ಗದಗಿನವರು ಇನ್ನೊಂದು ಕಡೆಯಿಂದ ಫೋನು ಹಿಡಿದರು. ಎರಡು ಸಲ ದುಡ್ಡು ಹೋಯಿತು. ವಾಪಸು ಬರಲು ಮೂರು ದಿನವಾಗುತ್ತದೆ ಆಂಟಿ ಎಂದು ಹುಡುಗ ಕೈ ಹಿಸುಕಿಕೊಂಡ.

"ವಾಪಸ್ ಯಾಕ? ಅಷ್ಟಕ್ಕ ಇನ್ನ ಮೂರು ಚಹಾ ಕೊಡಪಾ" ಎಂದು ಕಾಕು ಮತ್ತೆ ಕೂತಳು. ಉಳಿದಿಬ್ಬರೂ ಕೂತರು.

ಕೆಳಗೆ ಪಾರ್ಕಿಂಗ್ ಬಿಲ್ಲು ಏರುತ್ತಿದೆ ಎಂದೆ.

"ಅದನ್ನ ನೀ ಕೊಡು" ಎಂದಳು.