ನೆಟ್ಟಿಗೂ ಪಾಳಿ ಹಚ್ಚಬೇಕು

ಸಂಜೆ ಏಳು ಆಯಿತೆಂದರೆ ಜೈನಾಪುರದ ನಮ್ಮ ಮನೆಯಲ್ಲಿ ನೆಟ್ ಕೂತುಬಿಡುತ್ತಿತ್ತು. ಎಲ್ಲರಿಗೂ ಅದು ಬೇಕಾಗುವುದು ಅದೇ ಹೊತ್ತಿಗೆ. ನಾವು ಜಿಲ್ಲೆಯ ಸುದ್ದಿ ಕಳಿಸುವವರು. ರಾತ್ರಿ ಎಂಟರೊಳಗೆ ಡೆಸ್ಕಿಗೆ ವಿಡಿಯೊ ಮುಟ್ಟದಿದ್ದರೆ ಆ ಸುದ್ದಿ ಹೋಗುವುದಿಲ್ಲ, ಹೋಗದ ಸುದ್ದಿಗೆ ದುಡ್ಡಿಲ್ಲ. ಅಣ್ಣನ ಮಗಳು ಪಿಯುಸಿ ಎರಡನೇ ವರ್ಷದಲ್ಲಿದ್ದಾಳೆ, ಅವಳ ಸಿಇಟಿ ಆನ್‌ಲೈನ್ ಕ್ಲಾಸು ಏಳೂವರೆಗೆ. ಸೋಲಾಪುರಕ್ಕೆ ಕೊಟ್ಟ ತಂಗಿ ಅವ್ವನಿಗೆ ವಿಡಿಯೊ ಕಾಲ್ ಮಾಡುವುದೂ ಊಟಕ್ಕೆ ಮುಂಚೆ. ಪಾಠ ಹೇಳುವವರ ಮುಖ ಅರ್ಧ ಲೆಕ್ಕಕ್ಕೇ ಗಟ್ಟಿಯಾಗಿ ನಿಂತುಬಿಟ್ಟರೆ ಹುಡುಗಿ ಮೊಬೈಲ್ ಹಿಡಿದು ಮಾಳಿಗೆ ಹತ್ತುತ್ತಿದ್ದಳು.

ಲೈನ್ ಕೊಟ್ಟ ಕಂಪನಿಯ ಹುಡುಗ ಬಂದ. ಡಬ್ಬಿ ಆರಿಸಿ ಹಚ್ಚಿದ. “ದೊಡ್ಡ ಪ್ಲ್ಯಾನ್ ಹಾಕಸ್ರಿ, ಸರಿ ಆಕ್ಕೈತಿ” ಎಂದು ಹೋದ. ದೊಡ್ಡ ಪ್ಲ್ಯಾನಿಗೆ ತಿಂಗಳಿಗೆ ಇನ್ನೂ ಮುನ್ನೂರು ರೂಪಾಯಿ. ಅಷ್ಟು ಕಟ್ಟುವ ಮೊದಲು ಇರುವ ನೆಟ್ ಎಲ್ಲಿ ಸೋರುತ್ತಿದೆ ಎಂದು ನೋಡೋಣ ಅಂತ ಮನೆಯಲ್ಲಿ ಮಾತಾಯಿತು. ನಾವು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ನಿಮ್ಮ ಮನೆಯಲ್ಲೂ ಇದೇ ಕಥೆ ಇದ್ದರೆ ಉಪಯೋಗವಾದೀತು.

ಮೊದಲ ಕೆಲಸ ಅಳತೆ. ಎಲ್ಲ ಮೊಬೈಲುಗಳ ವೈಫೈ ಆರಿಸಿ, ಲ್ಯಾಪ್‌ಟಾಪನ್ನು ಕೇಬಲ್ ಹಾಕಿ ನೇರ ರೌಟರಿಗೆ ಜೋಡಿಸಿ, ಸ್ಪೀಡ್ ಟೆಸ್ಟ್ ಮಾಡಿದೆವು. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಎಂಟು, ಹೀಗೆ ದಿನಕ್ಕೆ ಮೂರು ಸಲ, ಒಂದು ವಾರ. ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆವು. ಬೆಳಿಗ್ಗೆ ಡೌನ್‌ಲೋಡ್ 18 ಎಂಬಿಪಿಎಸ್, ಅಪ್‌ಲೋಡ್ 4ರ ಹತ್ತಿರ. ರಾತ್ರಿ ಎಂಟಕ್ಕೆ 9 ಮತ್ತು 2.

ಇಲ್ಲಿ ಒಂದು ಲೆಕ್ಕ ತಿಳಿದಿರಬೇಕು. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಎಂಬ ಅಳತೆ. ಫೈಲಿನ ತೂಕ ಮಾತ್ರ ಮೆಗಾಬೈಟಿನಲ್ಲಿ ಇರುತ್ತದೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾಗಿ 100 ಎಂಬಿಯ ವಿಡಿಯೊ ಎಂದರೆ 800 ಮೆಗಾಬಿಟ್. 2ರ ಅಪ್‌ಲೋಡಿನಲ್ಲಿ ಅದು ಹೋಗಲು 400 ಸೆಕೆಂಡ್, ಅಂದರೆ ಸುಮಾರು ಏಳು ನಿಮಿಷ ಬೇಕು, ಅದೂ ಲೈನ್ ಪೂರ್ತಿ ನಮ್ಮದೊಬ್ಬರದೇ ಆಗಿದ್ದರೆ.

ಒಂದು ವಿಡಿಯೊ ಕ್ಲಾಸಿಗೆ ಒಂದೆರಡು ಎಂಬಿಪಿಎಸ್ ಸಾಕು. ರಾತ್ರಿ ಎಂಟಕ್ಕೆ ನಮ್ಮಲ್ಲಿ 9 ಇದೆ. ಆದರೂ ಕ್ಲಾಸು ಯಾಕೆ ನಿಲ್ಲುತ್ತದೆ? ಅದನ್ನು ಹುಡುಕಲು ಲ್ಯಾಪ್‌ಟಾಪಿನಲ್ಲಿ ಪಿಂಗ್ ಹಚ್ಚಿಟ್ಟು, ಒಂದೊಂದೇ ಮೊಬೈಲಿನ ವೈಫೈ ಆನ್ ಮಾಡುತ್ತ ಹೋದೆವು. ಪಿಂಗ್ ಅಂದರೆ ನಾವು ಒಂದು ಸಣ್ಣ ಕೂಗು ಹಾಕಿ, ಆ ಕಡೆಯಿಂದ ಓಗೊಡಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡುವುದು. ಮನೆ ಖಾಲಿ ಇದ್ದಾಗ 40 ಮಿಲಿಸೆಕೆಂಡ್ ತೋರಿಸುತ್ತಿತ್ತು. ಅಣ್ಣನ ಮೊಬೈಲ್ ಸೇರಿದ ಮೇಲೆ ಸಾವಿರ ದಾಟಿತು.

ಅಣ್ಣ ದಿನವೆಲ್ಲ ದ್ರಾಕ್ಷಿ ತೋಟದಲ್ಲಿ ಇರುತ್ತಾನೆ. ಎಲೆಯ ಮೇಲೆ ಡೌನಿ ಬಂದಿದೆಯೋ ಬೂದಿ ಬಂದಿದೆಯೋ ಎಂದು ಔಷಧ ಅಂಗಡಿಯವರಿಗೆ ತೋರಿಸಲು ಫೋಟೊ ತೆಗೆಯುತ್ತಾನೆ. ದಿನಕ್ಕೆ ನಲವತ್ತು ಐವತ್ತು ಆಗುತ್ತವೆ. ಸಂಜೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಮೊಬೈಲ್ ವೈಫೈ ಹಿಡಿಯುತ್ತದೆ, ಗೂಗಲ್ ಫೋಟೊಸ್ ತನ್ನಷ್ಟಕ್ಕೆ ತಾನೇ ಎಲ್ಲವನ್ನೂ ಮೇಲಕ್ಕೆ ಕಳಿಸಲು ಶುರು ಮಾಡುತ್ತದೆ. ಅವನಿಗೆ ಇದು ಗೊತ್ತೇ ಇರಲಿಲ್ಲ. “ನಾ ಏನೂ ಹಚ್ಚಿಲ್ಲಪಾ, ಮೊಬೈಲ್ ಕಿಸೇದಾಗ ಐತಿ” ಎಂದ. ಅವನ ಮಾತು ನಿಜವೇ.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಯಾಕೆ ಕೂರಬೇಕು? ಆ ಕಡೆಯಿಂದ ಬಂದ ಡೇಟಾಕ್ಕೆ ನಮ್ಮ ಮೊಬೈಲ್ “ಮುಟ್ಟಿತು, ಮುಂದಿನದು ಕಳಿಸು” ಎಂದು ಹೇಳುತ್ತಲೇ ಇರಬೇಕು. ಆ ಸಣ್ಣ ಉತ್ತರವೂ ಅಪ್‌ಲೋಡ್ ದಾರಿಯಲ್ಲೇ ಹೋಗಬೇಕು. ಐವತ್ತು ಫೋಟೊಗಳ ಹಿಂದೆ ಅದು ಪಾಳಿ ಹಚ್ಚಿ ನಿಂತರೆ, ಕಳಿಸುವವರು ಉತ್ತರಕ್ಕೆ ಕಾದು ವೇಗ ತಗ್ಗಿಸುತ್ತಾರೆ.

ಇದು ಬರೀ ಹಳ್ಳಿಯ ರೋಗವೂ ಅಲ್ಲ. 2010ರಲ್ಲಿ ಅಮೆರಿಕದ ಜಿಮ್ ಗೆಟ್ಟಿಸ್ ಎಂಬ ಕಂಪ್ಯೂಟರ್ ತಜ್ಞ ತನ್ನ ಮನೆಯಲ್ಲೇ ಇದನ್ನು ಕಂಡ. ದೊಡ್ಡ ಫೈಲ್ ಕಳಿಸುವಾಗ ಮನೆಯ ನೆಟ್ಟೆಲ್ಲ ಕೂರುತ್ತಿತ್ತು. ಡಬ್ಬಿಗಳೊಳಗೆ ಡೇಟಾ ಉದ್ದದ ಸಾಲಿನಲ್ಲಿ ಕಾಯುವುದೇ ಕಾರಣ ಎಂದು ತಿಳಿದು, ಅದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಈ ಸಾಲನ್ನು ಗಿಡ್ಡ ಇಡುವ ಒಂದು ಉಪಾಯ ಪ್ರಕಟಿಸಿದರು. ಓಪನ್‌ಡಬ್ಲ್ಯುಆರ್‌ಟಿ ಎಂಬ ಪುಕ್ಕಟೆ ತಂತ್ರಾಂಶ ಹಾಕಿದ ರೌಟರುಗಳಲ್ಲಿ ಅದು ಎಸ್‌ಕ್ಯುಎಂ ಎಂಬ ಹೆಸರಿನಲ್ಲಿ ಸಿಗುತ್ತದೆ. ನಮ್ಮದು ಸಾದಾ ರೌಟರ್, ಅದರಲ್ಲಿ ಬ್ಯಾಂಡ್‌ವಿಡ್ತ್ ಕಂಟ್ರೋಲ್ ಎಂಬ ಪುಟ ಮಾತ್ರ ಇತ್ತು. ನಮ್ಮ ಮನೆಗೆ ಅಷ್ಟೇ ಸಾಕಾಯಿತು.

ರೌಟರಿನ ತಳದಲ್ಲಿ ಅಂಟಿಸಿದ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂಥ ನಂಬರ್ ಇರುತ್ತದೆ. ವೈಫೈಗೆ ಸೇರಿದ ಮೊಬೈಲಿನಲ್ಲಿ ಕ್ರೋಮ್ ತೆರೆದು ಆ ನಂಬರ್ ಹೊಡೆದರೆ ರೌಟರಿನ ಪುಟ ಬರುತ್ತದೆ. ಬಳಕೆದಾರರ ಹೆಸರು, ಪಾಸ್‌ವರ್ಡ್ ಬಹಳ ಸಲ ಅದೇ ಚೀಟಿಯಲ್ಲಿ ಇರುತ್ತವೆ. ಒಳಗೆ ಹೋದ ಕೂಡಲೇ ಆ ಪಾಸ್‌ವರ್ಡ್ ಬದಲಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಏನಾದರೂ ಬದಲಿಸುವ ಮೊದಲು ಆ ಪುಟದ ಫೋಟೊ ಹೊಡೆದುಕೊಳ್ಳಿ. ವ್ಯಾನ್ ಅಥವಾ ಇಂಟರ್ನೆಟ್ ಎಂಬ ಪುಟಕ್ಕೆ ಕೈ ಹಚ್ಚಬೇಡಿ, ಅಲ್ಲಿ ಕಂಪನಿಯ ಲಾಗಿನ್ ಇರುತ್ತದೆ.

ಬ್ಯಾಂಡ್‌ವಿಡ್ತ್ ಕಂಟ್ರೋಲ್ ಅಥವಾ ಕ್ಯೂಓಎಸ್ ಎಂಬ ಪುಟದಲ್ಲಿ ಒಟ್ಟು ವೇಗ ಬರೆಯಲು ಜಾಗ ಇರುತ್ತದೆ. ಅಲ್ಲಿ ಪ್ಲ್ಯಾನಿನ ವೇಗ ಬರೆಯಬೇಡಿ. ನೀವು ರಾತ್ರಿ ಅಳೆದ ವೇಗದಲ್ಲಿ ನೂರಕ್ಕೆ 85ರಿಂದ 90ರಷ್ಟು ಬರೆಯಿರಿ. ನಾವು ಡೌನ್‌ಲೋಡಿಗೆ 8, ಅಪ್‌ಲೋಡಿಗೆ 1.7 ಬರೆದೆವು. ಬೆಳಗಿನ ಹೆಚ್ಚಿನ ವೇಗ ಇದರಿಂದ ಕೈತಪ್ಪುತ್ತದೆ, ಆದರೆ ನಮ್ಮ ಮನೆಗೆ ನೆಟ್ ಬೇಕಿರುವುದು ರಾತ್ರಿಗೆ. ಇದ್ದದ್ದನ್ನೇ ಕಡಿಮೆ ಮಾಡುವುದು ಯಾಕೆ ಎಂದು ಅಣ್ಣ ಕೇಳಿದ. ಅವನಿಗೆ ಡ್ರಿಪ್ ಲೆಕ್ಕದಲ್ಲೇ ಹೇಳಿದೆವು. ಎಲ್ಲ ಗೇಟ್‌ವಾಲ್ವ್ ಒಮ್ಮೆಲೇ ಪೂರ್ತಿ ತೆರೆದರೆ ಕೊನೆಯ ಸಾಲಿನ ಬಳ್ಳಿಗೆ ನೀರು ಮುಟ್ಟುವುದಿಲ್ಲ. ಮುಂದಿನ ವಾಲ್ವನ್ನು ಸ್ವಲ್ಪ ಹಿಡಿದರೆ ಕೊನೆಯ ಡ್ರಿಪ್ಪರ್ ಕೂಡ ಹನಿಯುತ್ತದೆ. ಸಾಲು ಕಂಪನಿಯ ಡಬ್ಬಿಯಲ್ಲಿ ಬೆಳೆದರೆ ನಮ್ಮ ಕೈಯಲ್ಲಿ ಏನೂ ಇಲ್ಲ, ನಮ್ಮ ರೌಟರಿನಲ್ಲೇ ನಿಂತರೆ ಯಾರು ಮುಂದೆ, ಯಾರು ಹಿಂದೆ ಎಂದು ನಾವು ಹೇಳಬಹುದು.

ಯಾರು ಮುಂದೆ? ರೌಟರಿನಲ್ಲಿ ಪ್ರಯಾರಿಟಿ ಎಂದು ಕೇಳುವ ಜಾಗ ಬಂದಾಗ ಮನೆಯವರೆಲ್ಲ ಪಡಸಾಲೆಯಲ್ಲಿ ಕೂತೆವು. ನಮ್ಮದು ಹೊಟ್ಟೆಪಾಡಿನ ಕೆಲಸ, ಅದು ಮೊದಲು ಇರಲಿ ಎಂಬ ಮಾತು ನಮ್ಮ ಬಾಯಲ್ಲೂ ಇತ್ತು. ವೈನಿ ಸಾಮಾನ್ಯವಾಗಿ ಇಂಥ ಮಾತಿಗೆ ಬರುವವರಲ್ಲ. ಅವತ್ತು ಅಂದರು: “ಸುದ್ದಿ ನಾಳಿನೂ ಬರ್ತಾವು. ಸಿಇಟಿ ಒಮ್ಮೆ ಬರ್ತೈತಿ.” ಅದಕ್ಕೆ ಎದುರು ಹೇಳಲು ಯಾರ ಬಳಿಯೂ ಏನೂ ಇರಲಿಲ್ಲ. ಏಳೂವರೆಯಿಂದ ಒಂಬತ್ತರವರೆಗೆ ಹುಡುಗಿಯ ಮೊಬೈಲ್ ಮೊದಲು. ಅವ್ವನ ಕಾಲ್ ಒಂಬತ್ತರ ನಂತರ, ಊಟ ಮುಗಿಸಿ. ಅಣ್ಣನ ಫೋಟೊ ಬ್ಯಾಕಪ್ ಬಂದ್ ಮಾಡಿ, ಬೆಳಿಗ್ಗೆ ತಾನೇ ಹಚ್ಚುವಂತೆ ತೋರಿಸಿಕೊಟ್ಟೆವು. ಪ್ಲೇಸ್ಟೋರ್ ಅಪ್‌ಡೇಟ್ ಕೂಡ ಹಾಗೆಯೇ. ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ವಿಡಿಯೊ ತಾನಾಗಿ ಇಳಿಯುವುದನ್ನು ಎಲ್ಲರ ಮೊಬೈಲಿನಲ್ಲೂ ತೆಗೆದೆವು.

ನಮ್ಮ ವಿಡಿಯೊ ಈಗ ಏಳೂವರೆಗೆ ಮುಂಚೆ ಹೋಗಬೇಕು. 100 ಎಂಬಿ ಇದ್ದದ್ದನ್ನು 720ಕ್ಕೆ ಇಳಿಸಿ, ಬೇಡದ್ದನ್ನು ಕತ್ತರಿಸಿ 25 ಎಂಬಿಗೆ ತರುತ್ತೇವೆ. ಎರಡು ನಿಮಿಷದಲ್ಲಿ ಮುಟ್ಟುತ್ತದೆ. ಆದರೆ ಬಬಲೇಶ್ವರದಲ್ಲಿ ಸಭೆ ತಡವಾಗಿ ಮುಗಿದ ದಿನ ಮನೆಗೆ ಬರುವ ಹೊತ್ತಿಗೆ ಏಳೂವರೆ ದಾಟಿರುತ್ತದೆ. ಹಾಗೆ ಎರಡು ಸುದ್ದಿ ಕೈತಪ್ಪಿವೆ. ಪಾಳಿ ಎಂದ ಮೇಲೆ ಅದು ನಮಗೂ ಪಾಳಿಯೇ.

ಡಬ್ಬಿ ಇಡುವ ಜಾಗವೂ ನೋಡಬೇಕಾಯಿತು. ನಮ್ಮದು ಹಳೆಯ ಕಲ್ಲಿನ ಮನೆ, ಗೋಡೆ ಎರಡು ಅಡಿ ದಪ್ಪ. ರೌಟರ್ ಒಳಕೋಣೆಯ ಮಾಡದಲ್ಲಿ ಕೂತಿತ್ತು, ಮೂರೂ ಕಡೆ ಕಲ್ಲು. ಅದನ್ನು ಪಡಸಾಲೆಯ ನಡುವೆ, ಆಳೆತ್ತರದ ಹಲಗೆಯ ಮೇಲೆ ಇಟ್ಟೆವು. ರೌಟರಿನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ವೈಫೈ ಇದ್ದರೆ, ಗೋಡೆ ದಾಟಲು 2.4 ಲೇಸು, ಅದೇ ಕೋಣೆಯಲ್ಲಿ ಕೂತವರಿಗೆ 5 ಲೇಸು. ಅಕ್ಕಪಕ್ಕ ವೈಫೈ ಬಹಳ ಇದ್ದರೆ 2.4ರಲ್ಲಿ ಚಾನೆಲ್ 1, 6, 11 ಇವುಗಳಲ್ಲಿ ಖಾಲಿ ಇರುವುದನ್ನು ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಕರೆಂಟ್ ಹೋದಾಗ ಡಬ್ಬಿ ಆರದಂತೆ ಒಂದು ಸಣ್ಣ 12 ವೋಲ್ಟಿನ ಯುಪಿಎಸ್ ಹಾಕಿದೆವು. ಫೈಬರ್ ಲೈನಿಗೆ ರೌಟರಿನ ಜತೆ ಬೇರೆ ಡಬ್ಬಿ ಇದ್ದರೆ ಎರಡಕ್ಕೂ ಕರೆಂಟ್ ಬೇಕು.

ಪಕ್ಕದ ಮನೆಯ ಹುಡುಗಿಯೂ ಅದೇ ಕ್ಲಾಸಿಗೆ ಸೇರಿದ್ದಾಳೆ, ಅವರಲ್ಲಿ ಲೈನ್ ಇಲ್ಲ. ರೌಟರಿನಲ್ಲಿ ಗೆಸ್ಟ್ ನೆಟ್‌ವರ್ಕ್ ತೆರೆದು, ಬೇರೆ ಪಾಸ್‌ವರ್ಡ್ ಕೊಟ್ಟು, ಅವಳಿಗೆ 2 ಎಂಬಿಪಿಎಸ್ ಮೀಸಲಿಟ್ಟೆವು. ನಮ್ಮ ಕಟ್ಟೆಯ ಮೇಲೆ ಕೂತು ಪಾಠ ಕೇಳುತ್ತಾಳೆ. ನಮ್ಮ 8ರಲ್ಲಿ 2 ಹೋದರೂ ಮನೆಯ ಕೆಲಸ ನಿಂತಿಲ್ಲ.

ರೌಟರ್ ಏನು ಮಾಡಲಾರದು ಎಂಬುದನ್ನೂ ಹೇಳಬೇಕು. ಬೆಳಿಗ್ಗೆ 18 ಇದ್ದದ್ದು ರಾತ್ರಿ 9 ಆಗುವುದು ನಮ್ಮ ಮನೆಯ ಹೊರಗಿನ ಕೊರತೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದ್ದು 2011ರಲ್ಲಿ. ಅದೇ ಈಗಿನ ಭಾರತ್‌ನೆಟ್. ಕನಿಷ್ಠ 2 ಎಂಬಿಪಿಎಸ್ ಡೌನ್‌ಲೋಡ್ ಇದ್ದರೆ ಬ್ರಾಡ್‌ಬ್ಯಾಂಡ್ ಎನ್ನಬಹುದು ಎಂದು ಸರ್ಕಾರ ಹೇಳಿದ್ದು 2023ರ ಜನವರಿಯಲ್ಲಿ, ಅದಕ್ಕೂ ಮೊದಲು ಆ ಅಳತೆ 512 ಕೆಬಿಪಿಎಸ್ ಇತ್ತು. ಸರ್ಕಾರದ ಆ 2, ನಮ್ಮ ಮನೆಯಲ್ಲಿ ಒಬ್ಬ ಹುಡುಗಿಯ ಒಂದು ಕ್ಲಾಸಿಗೆ ಸರಿಹೋಗುತ್ತದೆ.

ಆದ್ದರಿಂದ ನೋಟ್‌ಬುಕ್ ಬಿಡಬೇಡಿ. “ನೆಟ್ ಬರಂಗಿಲ್ರಿ” ಎಂದು ಫೋನ್ ಮಾಡಿದರೆ “ಡಬ್ಬಿ ಆರಿಸಿ ಹಚ್ಚರಿ” ಎಂಬ ಉತ್ತರ ಬರುತ್ತದೆ. ಮೂವತ್ತು ದಿನದ ತಾರೀಖು, ಗಂಟೆ, ವೇಗ ಬರೆದಿಟ್ಟು ದೂರು ಕೊಟ್ಟರೆ ಹಾಗೆ ಹೇಳುವುದು ಕಷ್ಟ. ದೂರಿಗೆ ಡಾಕೆಟ್ ನಂಬರ್ ಕೇಳಿ ಬರೆದುಕೊಳ್ಳಿ. ಉತ್ತರ ಸರಿ ಬರದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ನಮ್ಮ ದೂರು ಈಗ ಅಲ್ಲಿಗೆ ಹೋಗಿದೆ, ಜತೆಗೆ ನೋಟ್‌ಬುಕ್ಕಿನ ನಾಲ್ಕು ಪುಟದ ಫೋಟೊಗಳೂ.