ಒರೆಸಿ ತೆಗೆದ ಮೇಲೆ ಉಳಿಯುವುದು

ಮಳೆ ಹಿಂದಾಗಿ ಬಿಸಿಲು ಬಿದ್ದಿದೆ. ಬೆಂಗಳೂರಿನಿಂದ ನಮ್ಮೂರು ಅಂಬ್ಲಿಗೊಳಕ್ಕೆ ಬಂದಿರುವ ತಮ್ಮನ ಮಗ ಕಾರು ತೊಳೆದು, ಕೊಟ್ಟಿಗೆ ಪಕ್ಕದ ನೆರಳಿಗೆ ನಿಲ್ಲಿಸಿ, ಅರ್ಧ ಬಾನೆಟ್‌ಗೆ ಬಣ್ಣ ಕಾಯುವ ಸೀಲೆಂಟ್ ಸ್ಪ್ರೇ ಹೊಡೆದ. ಒಂದು ಬಟ್ಟೆಯಲ್ಲಿ ಹರಡಿದ. ಒಣಗುವುದಕ್ಕೂ ಬಿಡದೆ ಇನ್ನೊಂದು ಒಣ ಬಟ್ಟೆಯಲ್ಲಿ ಅದನ್ನು ಒರೆಸಿಬಿಟ್ಟ. ಹಚ್ಚಿದ್ದನ್ನೆಲ್ಲ ತೆಗೆದರೆ ಉಳಿದದ್ದೇನು ಎಂದು ಕೇಳಿದೆ. "ಉಳಿಯೋದು ಉಳಿದಿರುತ್ತೆ ದೊಡ್ಡಪ್ಪ, ಕಣ್ಣಿಗೆ ಕಾಣಲ್ಲ ಅಷ್ಟೆ" ಅಂದ. ಅಷ್ಟಕ್ಕೆ ಸಮಾಧಾನವಾಗಲಿಲ್ಲ.

*

ಕಾರಿನ ಮೈಮೇಲೆ ಇರುವುದು ಒಂದೇ ಬಣ್ಣವಲ್ಲ. ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಈ ಕೊನೆಯದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್, ತಲೆಗೂದಲಿಗಿಂತ ತೆಳು. ನಾವು ನೋಡಿ ಮೆಚ್ಚುವ ಹೊಳಪು, ನೋಡಿ ಮರುಗುವ ಗೀರು, ಎರಡೂ ಬಹುಮಟ್ಟಿಗೆ ಇಷ್ಟರೊಳಗೇ. ಪಾಲಿಶ್ ಮಾಡಿದಾಗ ಸವೆಯುವುದು ಇದೇ ಪದರ. ಸೀಲೆಂಟ್ ಸವೆಸುವುದಿಲ್ಲ, ಅದರ ಮೇಲೆ ಹೋಗಿ ಕೂರುತ್ತದೆ. ಹಾಗಾಗಿ ಇದ್ದ ಗೀರು ಇದರಿಂದ ಹೋಗುವುದಿಲ್ಲ. ಹೆಚ್ಚೆಂದರೆ ಸ್ವಲ್ಪ ಮಸುಕಾಗಿ ಕಾಣುತ್ತದೆ.

ಬಾಟಲಿಯಲ್ಲಿ ಹೆಚ್ಚಿನ ಪಾಲು ನೀರು ಅಥವಾ ಆವಿಯಾಗುವ ದ್ರಾವಕ. ಕೆಲಸದ ವಸ್ತು ಸಿಲಿಕೋನ್ ಪಾಲಿಮರ್. ಈಚಿನವುಗಳಲ್ಲಿ ಒಂದಿಷ್ಟು ಸಿಲಿಕಾ. ಅನೇಕ ಸೀಲೆಂಟ್‌ಗಳ ಪಾಲಿಮರ್‌ಗೆ ಅಮೈನೋ ಗುಂಪುಗಳನ್ನು ಜೋಡಿಸಿರುತ್ತಾರೆ. ಆ ಗುಂಪುಗಳು ಕ್ಲಿಯರ್ ಕೋಟನ್ನು ಹಿಡಿದುಕೊಳ್ಳುತ್ತವೆ. ನೇರವಾಗಿ ಮೇಲ್ಮೈಗೆ ತಾಗಿದ್ದು ಅಂಟುತ್ತದೆ, ಅದರ ಮೇಲೆ ಬಿದ್ದದ್ದಕ್ಕೆ ಹಿಡಿದುಕೊಳ್ಳಲು ಜಾಗವಿಲ್ಲ. ಎರಡನೆಯ ಬಟ್ಟೆ ತೆಗೆಯುವುದು ಜಾಗ ಸಿಗದೆ ಉಳಿದ ಆ ಹೆಚ್ಚುವರಿಯನ್ನು. ನನ್ನ ಪ್ರಶ್ನೆಗೆ ಉತ್ತರ ಇಲ್ಲಿತ್ತು. ಹೆಚ್ಚುವರಿಯನ್ನು ಬಿಟ್ಟರೆ ಅದು ಎಲ್ಲೆಲ್ಲೋ ದಪ್ಪ, ಎಲ್ಲೆಲ್ಲೋ ತೆಳುವಾಗಿ ಒಣಗಿ ಬೆಳಕನ್ನು ಚೆದುರಿಸುತ್ತದೆ. ಓರೆಯಾಗಿ ನೋಡಿದಾಗ ಕಾಣುವ ಮಬ್ಬು ಗೆರೆಗಳು, ಎಣ್ಣೆಯ ಹಾಗೆ ಬಣ್ಣ ಬದಲಿಸುವ ಪಟ್ಟೆಗಳು ಅದರಿಂದಲೇ.

*

ಇನ್ನೊಂದು ಗೋಜಲು. ನಮ್ಮ ಕಡೆಯವರಿಗೆ ಸಿಂಪಡಣೆ ಹೊಸದಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಕೊನೆಗಾರರು ಮರವೇರಿ ಕೊಳೆರೋಗ ತಡೆಯಲು ಅಡಿಕೆ ಗೊನೆಗೆ ಬೋರ್ಡೋ ಹೊಡೆಯುತ್ತಾರೆ: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು, ಮಳೆಗೆ ತೊಳೆದುಹೋಗದಿರಲೆಂದು ರಾಳದ ಅಂಟು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಅದರ ವರದಿ ಪ್ರಕಟಿಸಿದರು. ಆ ಕಾಲದಿಂದ ಮಲೆನಾಡಿನ ತೋಟಗಳಲ್ಲಿ ಈ ಔಷಧಿ ನಡೆದು ಬಂದಿದೆ. ಅಲ್ಲಿ ಯಾರೂ ಗೊನೆಯನ್ನು ಒರೆಸುವುದಿಲ್ಲ. ನೀಲಿ ಲೇಪ ಕಣ್ಣಿಗೆ ಕಂಡಷ್ಟೂ ರೈತನಿಗೆ ಧೈರ್ಯ. ಮೈಲುತುತ್ತದ ತಾಮ್ರ ಅಲ್ಲೇ ಇದ್ದು ಮಳೆನೀರಿನಲ್ಲಿ ಚೂರು ಚೂರೇ ಕರಗಿ ರೋಗದ ಬೀಜಕಣವನ್ನು ತಡೆಯಬೇಕು, ಆದ್ದರಿಂದ ಅದಕ್ಕೆ ದಾಸ್ತಾನು ಬೇಕು. ಕಾರಿನ ಸೀಲೆಂಟ್ ಕರಗಿ ಕೆಲಸ ಮಾಡುವ ವಸ್ತುವಲ್ಲ. ಅಂಟಿದ ತೆಳು ಪದರವೇ ಅದರ ಪೂರ್ತಿ ಕೆಲಸ, ಮೇಲಿನ ದಾಸ್ತಾನು ಬರೀ ನಷ್ಟ.

ತೋಟಕ್ಕೆ ಔಷಧಿ ಹೊಡೆಯುವ ದಿನ ಹತ್ತಿರ ಕಾರು ನಿಲ್ಲಿಸಬೇಡಿ. ಗಾಳಿಗೆ ಹಾರಿ ಬಂದ ಬೋರ್ಡೋ ಗಾಜಿನ ಮೇಲೂ ಬಣ್ಣದ ಮೇಲೂ ನೀಲಿ ಚುಕ್ಕೆಯಾಗಿ ಒಣಗುತ್ತದೆ. ಒಣಗುವ ಮೊದಲೇ ಧಾರಾಳ ನೀರು ಹೊಯ್ಯಬೇಕು.

*

ಹಚ್ಚಿದ ಮಾರನೇ ದಿನ ಬಾನೆಟ್ ಮೇಲೆ ನೀರು ಚಿಮುಕಿಸಿ ನೋಡಿದೆ. ದುಂಡು ದುಂಡು ಹನಿ. ಮನೆ ಹಿಂದಿನ ಕೆಸುವಿನ ಎಲೆಯ ಮೇಲೂ ಚಿಮುಕಿಸಿದೆ. ಎಲೆ ಸ್ವಲ್ಪ ವಾಲಿದರೆ ಸಾಕು, ಹನಿ ಉರುಳಿ ಧೂಳನ್ನೂ ಹೊತ್ತುಕೊಂಡು ಹೋಯಿತು. ಬಾನೆಟ್ ಮೇಲಿನದು ಕೂತಲ್ಲೇ ಕೂತಿತ್ತು.

ತಾವರೆ, ಕೆಸುವಿನ ಎಲೆಗಳ ಮೇಲೆ ಸೂಕ್ಷ್ಮ ಉಬ್ಬುಗಳು, ಅವುಗಳ ಮೇಲೆ ಮೇಣದ ಹರಳುಗಳು. ಹನಿ ನಿಲ್ಲುವುದು ಉಬ್ಬುಗಳ ತುದಿಯ ಮೇಲೆ, ಕೆಳಗೆ ಗಾಳಿ. ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಟ್‌ಲಾಟ್ ಮತ್ತು ನೈನ್‌ಹುಯಿಸ್ 1997ರಲ್ಲಿ ಇದನ್ನು ವಿವರವಾಗಿ ಬರೆದರು. ಅಲ್ಲಿ ಹನಿ ಎಲೆಗೆ ತಾಗುವ ಕೋನ 150 ಡಿಗ್ರಿಗೂ ಹೆಚ್ಚು. ಸೀಲೆಂಟ್ ಹಚ್ಚಿದ ಬಣ್ಣದ ಮೇಲೆ ನೂರು ಡಿಗ್ರಿಗಿಂತ ತುಸು ಜಾಸ್ತಿ, ಏಕೆಂದರೆ ಅದು ನುಣುಪು, ಉಬ್ಬುಗಳಿಲ್ಲ. ಹನಿ ದುಂಡಾಯಿತೆಂದು ಖುಷಿಪಟ್ಟು ಹಾಗೇ ಬಿಟ್ಟರೆ ಅದು ಅಲ್ಲೇ ಆರುತ್ತದೆ. ಬೋರ್‌ವೆಲ್ ಗಡಸು ನೀರಾದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಬಿಳಿ ಉಂಗುರವಾಗಿ ಉಳಿಯುತ್ತದೆ. ದುಂಡು ಹನಿ ನೋಡಿ ರಕ್ಷಣೆ ಅಳೆಯುವುದು ತಪ್ಪು ಎಂಬುದು ನನ್ನ ತೀರ್ಮಾನ. ತೊಳೆದ ಕಾರನ್ನು ಬಿಸಿಲಿಗೆ ಒಣಗಲು ಬಿಡದೆ ಬಟ್ಟೆಯಲ್ಲಿ ಒರೆಸುವುದು ಸೀಲೆಂಟ್ ಹಚ್ಚಿದ ಮೇಲೆ ಇನ್ನೂ ಮುಖ್ಯ.

*

ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋದವರು ಮರದ ಕೆಳಗೆ ಕಾರು ನಿಲ್ಲಿಸುತ್ತಾರೆ. ಮೇಲಿಂದ ಬೀಳುವ ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಜತೆಗೆ ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ ಹಿಗ್ಗುತ್ತದೆ. ಒಣಗಿ ಗಟ್ಟಿಯಾದ ಹಿಕ್ಕೆಯ ಅಚ್ಚು ಕಾರು ತಣ್ಣಗಾದಾಗ ಅದರ ಮೇಲೆ ಉಳಿಯುತ್ತದೆ. ಸೀಲೆಂಟ್ ಇದ್ದರೆ ತೊಳೆಯಲು ಸ್ವಲ್ಪ ಹೊತ್ತು ಹೆಚ್ಚು ಸಿಗುತ್ತದೆ, ಅಷ್ಟೆ. ಉಗುರಿನಿಂದ ಕೆರೆಯಬಾರದು. ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕು.

*

ಬಟ್ಟೆಯ ವಿಷಯ. ಹಳೇ ಪಂಚೆ, ಬನಿಯನ್ ಬೇಡ. ಮೈಕ್ರೋಫೈಬರ್ ಎಂದರೆ ಪಾಲಿಯೆಸ್ಟರ್ ಮತ್ತು ಪಾಲಿಅಮೈಡ್ ಸೇರಿದ ಸೀಳಿದ ನೂಲು. ದ್ರವವನ್ನು ಎಳೆಗಳ ನಡುವೆ ಎಳೆದುಕೊಳ್ಳುತ್ತದೆ. ಹರಡಲು ಒಂದು, ಒರೆಸಲು ಇನ್ನೊಂದು. ಕೈತಪ್ಪಿ ನೆಲಕ್ಕೆ ಬಿದ್ದ ಬಟ್ಟೆಯನ್ನು ಮತ್ತೆ ಕಾರಿಗೆ ಮುಟ್ಟಿಸಬಾರದು, ನಮ್ಮ ಕೆಮ್ಮಣ್ಣಿನ ಒಂದು ಕಣ ಸಾಕು ಬಣ್ಣ ಗೀರಲು. ಒಗೆಯುವಾಗ ಕಂಫರ್ಟ್ ಥರದ, ಬಟ್ಟೆ ಮೆದು ಮಾಡುವ ದ್ರವ ಹಾಕಬೇಡಿ, ಎಳೆಗೆ ಜಿಡ್ಡು ಕಟ್ಟಿ ಬಟ್ಟೆ ಹೀರುವುದನ್ನು ಬಿಡುತ್ತದೆ.

*

ಸೀಲೆಂಟ್ ಹಚ್ಚುವಾಗ ತಗಡು ಮುಟ್ಟಿದರೆ ತಣ್ಣಗಿರಬೇಕು. ಬಿಸಿ ಬಾನೆಟ್ ಮೇಲೆ ಸ್ಪ್ರೇಯ ನೀರು ಆರಿ, ಹರಡುವ ಮೊದಲೇ ಪಾಲಿಮರ್ ಹಿಡಿದುಬಿಡುತ್ತದೆ. ಜುಲೈನ ಥಂಡಿಯಲ್ಲಿ ಕಷ್ಟ ಬೇರೆ: ಎಷ್ಟು ಒರೆಸಿದರೂ ಮಬ್ಬು ಹೋಗದು, ಕನ್ನಡಿಯ ಸಂದಿಯಿಂದ, ಬಾಗಿಲಿನ ಅಂಚಿನಿಂದ ನೀರು ಇಳಿದು ಬಂದು ಕೆಲಸ ಕೆಡಿಸುತ್ತದೆ. ನಮ್ಮೂರಿಗೆ ಮಳೆ ಹಿಡಿಯುವ ಮೊದಲು ಮೇ ತಿಂಗಳಲ್ಲೊಮ್ಮೆ, ಮಳೆ ಬಿಟ್ಟು ಅಡಿಕೆ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲೊಮ್ಮೆ ಸರಿ. ಗೆರೆ ಬಿದ್ದರೆ ಗಾಬರಿ ಬೇಡ. ಅದೇ ಜಾಗಕ್ಕೆ ಚೂರು ಸ್ಪ್ರೇ ಹೊಡೆದು ಕೂಡಲೇ ಒರೆಸಿದರೆ ಸಾಮಾನ್ಯವಾಗಿ ಹೋಗುತ್ತದೆ.

ಗಾಲಿಯ ಹತ್ತಿರ ಹುಷಾರು. ಬ್ರೇಕ್ ಡಿಸ್ಕ್ ಮೇಲೆ ಬಿದ್ದರೆ ಬ್ರೇಕ್ ಜಾರುತ್ತದೆ. ರಿಮ್‌ಗೆ ಬೇಕಾದರೆ ಬಟ್ಟೆಗೆ ಹೊಡೆದುಕೊಂಡು ಹಚ್ಚಿ. ಬೈಕಿನ ಸೀಟು, ಫುಟ್‌ರೆಸ್ಟ್, ಟೈರಿಗೆ ಯಾವ ಕಾರಣಕ್ಕೂ ಬೇಡ.

*

ಕಡೆಯದಾಗಿ ಒಂದು ಕೋರಿಕೆ. ಕಾರು ತೊಳೆಯಲೆಂದು ಅದನ್ನು ಅಂಬ್ಲಿಗೊಳ ಜಲಾಶಯದ ಅಂಚಿಗೆ, ಊರಿನ ಕೆರೆಗೆ ಇಳಿಸಬೇಡಿ. ಶಾಂಪೂ, ಸಿಲಿಕೋನ್, ಗಾಲಿಯ ಎಣ್ಣೆ ಎಲ್ಲವೂ ಆ ನೀರಿಗೇ ಸೇರುತ್ತದೆ, ಆ ನೀರು ಗದ್ದೆಗೆ ಹೋಗುತ್ತದೆ, ದನಕರು ಅದನ್ನೇ ಕುಡಿಯುತ್ತವೆ. ಎರಡು ಬಕೆಟ್ ನೀರು ಇಟ್ಟುಕೊಂಡು ಮನೆ ಅಂಗಳದಲ್ಲೇ, ಬಾವಿಯಿಂದ ದೂರ, ಈ ಕೆಲಸ ಮಾಡಿ.