ನೆಲ ಬಿಟ್ಟ ಕಾಲು

ಪ್ಯಾರಲಲ್ ಬಾರ್ ಮೇಲೆ ಸಲೀಸಾಗಿ ಡಿಪ್ಸ್ ಹೊಡೆಯುವವನಿಗೆ ಪಟ್ಟಿಯಲ್ಲಿ ನೇತಾಡುವ ರಿಂಗ್ಸ್ ಎಂಬ ಈ ಎರಡು ಮರದ ಬಳೆ ಯಾವ ಲೆಕ್ಕ ಅಂದುಕೊಂಡಿದ್ದೆ. ಬಾರ್ ನೆಲಕ್ಕೆ ಕಚ್ಚಿಕೊಂಡಿರುತ್ತದೆ, ನಾವು ಮೇಲೆ ಕೆಳಗೆ ಹೋಗಿ ಬಂದರಾಯಿತು. ರಿಂಗ್ಸ್‌ಗೆ ಮೇಲಿನ ಪಟ್ಟಿ ಬಿಟ್ಟರೆ ಬೇರೆ ಯಾರ ಹಂಗೂ ಇಲ್ಲ. ಎಡಕ್ಕೆ ಜಾರುತ್ತದೆ, ಬಲಕ್ಕೆ ಜಾರುತ್ತದೆ, ಮುಷ್ಟಿಯೊಳಗೇ ತಿರುಗುತ್ತದೆ. ಅದನ್ನು ಸುಮ್ಮನಿರಿಸುವ ಕೆಲಸದಲ್ಲಿ ದೊಡ್ಡ ಪಾಲು ಭುಜದ ಕೀಲಿನ ಸುತ್ತಲಿನ ಸಣ್ಣ ಸ್ನಾಯುಗಳದ್ದು. ಅವುಗಳನ್ನು ನಾನು ಒಂದು ದಿನವೂ ವಿಚಾರಿಸಿಕೊಂಡವನಲ್ಲ.

ಆಸೆ ಹಚ್ಚಿದ್ದು ಹಳೆಯ ಕಪ್ಪು ಬಿಳುಪು ಚಿತ್ರಗಳು. ಅರ್ಮೇನಿಯಾದ ಆಲ್ಬರ್ಟ್ ಅಜಾರ್ಯನ್ ಸೋವಿಯತ್ ಒಕ್ಕೂಟದ ಪರವಾಗಿ 1956ರ ಮೆಲ್ಬರ್ನ್, 1960ರ ರೋಮ್ ಒಲಿಂಪಿಕ್ಸ್ ಎರಡರಲ್ಲೂ ರಿಂಗ್ಸ್‌ನಲ್ಲಿ ಚಿನ್ನ ಗೆದ್ದವರು. ಕೈಗಳನ್ನು ಶಿಲುಬೆಯಂತೆ ಚಾಚಿ, ದೇಹವನ್ನು ಪಕ್ಕಕ್ಕೆ ತಿರುಗಿಸಿ ನಿಲ್ಲುವ ಭಂಗಿಗೆ ಅವರ ಹೆಸರೇ ಉಳಿದಿದೆ. ಇಂಥ ಪಟ್ಟು ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರಬೇಕಾದರೆ 2 ಸೆಕೆಂಡ್ ನಿಂತಿರಬೇಕು. ಪಟ್ಟಿ ತೂಗಾಡಿದರೆ ಅಂಕ ಕಳೆಯುತ್ತಾರೆ. ನನ್ನ ಕಣ್ಣಿಗೆ ಬಿದ್ದದ್ದು ತೋಳಿನ ಗಾತ್ರ ಮಾತ್ರ.

ಹಾಗಾಗಿ ಶುರುವಿನಲ್ಲೇ ಮಸಲ್ ಅಪ್‌ಗೆ ಕೈ ಹಾಕಿದೆ. ಜೋತು ಬೀಳುವುದು, ಕಾಲು ಝಾಡಿಸುವುದು, ಎದೆಯನ್ನು ರಿಂಗ್ಸ್ ಮೇಲಕ್ಕೆ ಎಸೆಯುವುದು. ಮೊಣಕೈಯ ಒಳಬದಿಯಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡಿತು. ಮೈ ಕಾದ ಮೇಲೆ ಮಾಯವಾಗುತ್ತಿತ್ತು. ಅಂಥ ನೋವು ಬಲು ಕಪಟಿ, ನಂಬಿಸಿಯೇ ಕೆಡಿಸುತ್ತದೆ. ಎಣ್ಣೆ ತಿಕ್ಕಿಕೊಂಡು ಮುಂದುವರಿಸಿದೆ. ಕೊನೆಗೆ ಒಲೆಯ ಮೇಲಿನ ಹಾಲಿನ ಪಾತ್ರೆ ಇಳಿಸುವುದಕ್ಕೂ ಎಡಗೈಯನ್ನೇ ಕರೆಯಬೇಕಾಯಿತು.

“ಮಾಂಸಖಂಡ ಬೇಗ ಬಲಿಯುತ್ತೆ ಸರ್. ಅದನ್ನ ಮೂಳೆಗೆ ಕಟ್ಟಿರೋ ಸ್ನಾಯುರಜ್ಜುಗೆ ರಕ್ತ ಹರಿಯೋದೇ ಕಡಿಮೆ. ಅದು ನಿಧಾನ. ನೀವು ಅದಕ್ಕೆ ಕಾಯಲೇ ಇಲ್ಲ,” ಅಂದರು ಫಿಸಿಯೋ. ಪೂರ್ತಿ ಕೈಕಟ್ಟಿ ಕೂರಬೇಡಿ, ಭಾರ ಇಳಿಸಿ ಅಂತಲೂ ಹೇಳಿದರು.

ಭಾರ ಇಳಿಸುವುದೆಂದರೆ ರಿಂಗ್ಸ್‌ನಲ್ಲಿ ಕಾಲನ್ನು ನೆಲಕ್ಕೆ ಕೊಡುವುದು. ಪಟ್ಟಿಯನ್ನು ಸೊಂಟದ ಎತ್ತರಕ್ಕೆ ತಂದು, ಹಿಂದಕ್ಕೆ ವಾಲಿ, ಎದೆಯನ್ನು ರಿಂಗ್ಸ್‌ವರೆಗೆ ಎಳೆದುಕೊಳ್ಳುವ ರೋ ಮಾಡತೊಡಗಿದೆ. ಕಾಲು ಮುಂದಿಟ್ಟಷ್ಟೂ ಕಷ್ಟ, ಹಿಂದಿಟ್ಟಷ್ಟೂ ಸುಲಭ. ಭಾರವನ್ನು ಗೇಣು ಗೇಣಾಗಿ ಹೆಚ್ಚಿಸಿಕೊಳ್ಳಬಹುದು. ಆಮೇಲೆ ಸುಮ್ಮನೆ ಜೋತು ಬಿದ್ದು, ಮೊಣಕೈ ಮಡಚದೆ, ಭುಜದ ಚಿಪ್ಪುಗಳನ್ನಷ್ಟೇ ಕೆಳಕ್ಕೆಳೆಯುವುದು. ನೋಡುವವರಿಗೆ ಏನೂ ನಡೆಯುತ್ತಿಲ್ಲ ಅನ್ನಿಸುತ್ತದೆ. ಪಾರ್ಕಿನಲ್ಲಿ ಒಬ್ಬರು ಹಿರಿಯರು “ಏನಪ್ಪಾ, ಸುಸ್ತಾಯ್ತಾ?” ಅಂತ ಕೇಳಿಯೂ ಇದ್ದರು.

ನನ್ನ ಸೊಕ್ಕು ಮುರಿದದ್ದು ಸಪೋರ್ಟ್ ಹೋಲ್ಡ್. ರಿಂಗ್ಸ್ ಮೇಲೆ ಕೈಯೂರಿ, ಮೊಣಕೈ ನೆಟ್ಟಗೆ ಬಿಗಿದು, ಭುಜಗಳನ್ನು ಕಿವಿಯಿಂದ ದೂರ ಒತ್ತಿ ನಿಲ್ಲಬೇಕು, ಅಷ್ಟೇ. ಕಾಲ್ಬೆರಳು ಸ್ಟೂಲಿನ ಮೇಲಿದ್ದರೂ ಇಡೀ ತೋಳು ಥರಥರ ನಡುಗಿತು. ಪಟ್ಟಿ ಮುಂಗೈಗೆ ಉಜ್ಜಿ ಕೆಂಪು ಗೀರು ಎಳೆಯಿತು. ಹೆಬ್ಬೆರಳನ್ನು ಹೊರಕ್ಕೆ ತಿರುಗಿಸಿ, ಪಟ್ಟಿ ತೋಳಿಗೆ ತಾಗದಂತೆ ನಿಲ್ಲುವುದು ಇನ್ನೂ ಮುಂದಿನ ಮಾತು. ಬಾರ್ ಮೇಲಿನ ನನ್ನ ಡಿಪ್ಸ್ ಇಲ್ಲಿ ಮೂರು ಕಾಸಿಗೂ ಬರಲಿಲ್ಲ. ಅಲುಗದೆ 30 ಸೆಕೆಂಡ್ ನಿಲ್ಲಲು ಬಂದ ಮೇಲಷ್ಟೇ ರಿಂಗ್ ಡಿಪ್ಸ್ ಅಂತ ಗೆರೆ ಎಳೆದುಕೊಂಡೆ. ಅದನ್ನೂ ಮೊದಲು ನಿಧಾನವಾಗಿ ಇಳಿಯುವುದಷ್ಟೇ. ಏರುವಾಗ ಕಾಲಿನ ಸಹಾಯ.

ಮಾಂಸಖಂಡ ಮಾರನೆಯ ದಿನ ಹಿಡಿದುಕೊಂಡರೆ ನಾನೀಗ ತಲೆಕೆಡಿಸಿಕೊಳ್ಳುವುದಿಲ್ಲ. ಕೀಲಿನ ಹತ್ತಿರ ಒಂದೇ ಜಾಗದಲ್ಲಿ ಚುಚ್ಚಿದರೆ ಅಂದಿಗೆ ರಿಂಗ್ಸ್ ಬಂದ್. ಒಂದು ದಿನ ಮಾಡಿದರೆ ಮಾರನೆಯ ದಿನ ಬಿಡುವು. ಹತ್ತುವ ಮುಂಚೆ ಎರಡೂ ಪಟ್ಟಿ ಸಮವಾಗಿದೆಯೇ, ಬಕಲ್ ಕಚ್ಚಿದೆಯೇ ಅಂತ ಜಗ್ಗಿ ನೋಡುತ್ತೇನೆ.

ಮಸಲ್ ಅಪ್ ಇನ್ನೂ ಬಂದಿಲ್ಲ. ಮಣಿಕಟ್ಟನ್ನು ರಿಂಗ್ ಮೇಲೇರಿಸಿ ಹಿಡಿಯುವ ಫಾಲ್ಸ್ ಗ್ರಿಪ್‌ ಅನ್ನು ಕಾಲು ನೆಲದಲ್ಲಿಟ್ಟೇ ಕಲಿಯುತ್ತಿದ್ದೇನೆ. ಚರ್ಮ ಸುಲಿಯುತ್ತದೆ, ಟೇಪ್ ಸುತ್ತಿಕೊಳ್ಳುತ್ತೇನೆ.